ಮೇಷ್ಟ್ರ ನಾಲ್ಕಾಣೆ

ಗಾಲ್ಫ್ ಚೀಲಕ್ಕೂ ಅರಿಶಿನದ ವಾಸನೆಗೂ ಯಾವ ಸಂಬಂಧವೂ ಇಲ್ಲ. ಅಲ್ಲಿರಬೇಕಾದದ್ದು ಒದ್ದೆ ಹುಲ್ಲಿನ ವಾಸನೆ, ಬೆವರಿ ಒಣಗಿದ ಗ್ಲೌಸಿನ ವಾಸನೆ. ಆದರೆ ಹೋದ ತಿಂಗಳು ಮೇಷ್ಟ್ರ ಚೀಲದ ಪಕ್ಕದ ಜಿಪ್ಪು ಎಳೆದಾಗ ಮೂಗಿಗೆ ಬಡಿದದ್ದು ಅರಿಶಿನವೇ. ಒಳಗೆ ಹಳದಿ ಬಟ್ಟೆಯ ಒಂದು ಪುಟ್ಟ ಗಂಟು. ಅದರ ಪಕ್ಕದಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಬಿಲ್ಲೆ. ಗಂಟು ಬಿಚ್ಚಿದೆ. ಅಂಚು ಸವೆದ ಹಳೆಯ ನಾಲ್ಕಾಣೆ.

ಆ ನಾಲ್ಕಾಣೆಯನ್ನು ನಾನು ನೂರಾರು ಸಲ ನೋಡಿದ್ದೆ. ಗ್ರೀನ್ ಮೇಲೆ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ಚೆಂಡನ್ನು ಎತ್ತುವ ಮೊದಲು ಅದು ನಿಂತಿದ್ದ ಜಾಗಕ್ಕೆ ಒಂದು ಗುರುತು ಇಡಬೇಕು. ಬೇರೆಯವರು ಅದಕ್ಕೆ ಬಣ್ಣಬಣ್ಣದ ಬಿಲ್ಲೆ ಇಟ್ಟರೆ ಮೇಷ್ಟ್ರು ಈ ನಾಲ್ಕಾಣೆ ಇಡುತ್ತಿದ್ದರು. ಅದು ಹಳದಿ ಬಟ್ಟೆಯಲ್ಲಿ ಯಾಕೆ ಕೂತಿದೆ ಎಂಬುದು ಮಾತ್ರ ಅರ್ಥವಾಗಲಿಲ್ಲ. ನಮ್ಮ ಕಡೆ ಹಾಗೆ ನಾಣ್ಯ ಕಟ್ಟಿಡುವುದು ದೇವರ ಮಾತು ಮೀರಿದವರು, ತಪ್ಪುಕಾಣಿಕೆಗೆ. ಮೇಷ್ಟ್ರು ದೇವರ ಮಾತು ಮೀರುವ ಮನುಷ್ಯರೇ ಅಲ್ಲ… ಕೇಳೋಣವೆಂದರೆ ಅವರು ಹೋಗಿ ಎಂಟು ತಿಂಗಳಾಗಿತ್ತು.

ಬೆಟ್ಟದ ತಪ್ಪಲಿನ ಗಾಲ್ಫ್ ಮೈದಾನದಲ್ಲಿ ಅವರು ತರಬೇತುದಾರರು. ದಿಬ್ಬೂರಹಳ್ಳಿಯವರು. ಆಟಗಾರರ ಚೀಲ ಹೊರುವ ಕ್ಯಾಡಿಯಾಗಿ ಶುರುಮಾಡಿ, ಮೂವತ್ತು ದಾಟಿದ ಮೇಲೆ ಸ್ವತಃ ವೃತ್ತಿಪರ ಆಟಗಾರರಾದವರು. ನಮಗೆಲ್ಲ ಅವರು ಮೇಷ್ಟ್ರು. ನಾನೂ ಚಿಕ್ಕಬಳ್ಳಾಪುರದ ಕಾಲೇಜಿಗೆ ಹೋಗುತ್ತಿದ್ದಾಗ ಭಾನುವಾರಗಳಲ್ಲಿ ಚೀಲ ಹೊತ್ತವನೇ. ಉಳಿದ ದಿನ ನನ್ನ ಕಸುಬು ಚರ್ಚಾಸ್ಪರ್ಧೆ. ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಯಾವ ವೇದಿಕೆ ಸಿಕ್ಕಿದರೂ ಹತ್ತಿ, ಪರವೋ ವಿರೋಧವೋ, ಎದುರಾಳಿಯ ಮಾತಿನಲ್ಲಿ ಬಿರುಕು ಹುಡುಕುತ್ತಿದ್ದೆ. ದೇವರ ವಿಷಯದಲ್ಲಂತೂ ನಾನು ಖಾಯಂ ವಿರೋಧ ಪಕ್ಷ.

ಮೇಷ್ಟ್ರಿಗೆ ಒಂದು ಪದ್ಧತಿ ಇತ್ತು. ಬೆಳಿಗ್ಗೆ ಮೊದಲ ಹೊಡೆತಕ್ಕೆ ಮುಂಚೆ ಎಲ್ಲರೂ ಒಂದು ನಿಮಿಷ ಸುಮ್ಮನೆ ನಿಲ್ಲಬೇಕು. ಅವರವರ ದೇವರು ಅವರವರಿಗೆ. ಮೇಷ್ಟ್ರು ಕೈವಾರದ ಕಡೆಗೆ ಮುಖ ಮಾಡಿ ಕೈ ಮುಗಿಯುವರು. ಶಿಡ್ಲಘಟ್ಟದವನು, ರೇಷ್ಮೆ ನೂಲು ತೆಗೆಯುವ ಮನೆಯ ಮುಸ್ಲಿಂ ಹುಡುಗ, ಅಂಗೈ ಬಿಚ್ಚಿ ಏನೋ ಅಂದುಕೊಳ್ಳುವನು. ನಾನು ಗ್ಲೌಸು ಒರೆಸುತ್ತಾ ನಿಲ್ಲುತ್ತಿದ್ದೆ. ಅದೂ ಎಲ್ಲರಿಗೂ ಕಾಣುವ ಹಾಗೆ.

"ದೇವರ ಹ್ಯಾಂಡಿಕ್ಯಾಪ್ ಎಷ್ಟು ಸಾರ್?" ಎಂದು ಒಂದು ದಿನ ಕೇಳಿದ್ದೆ. ಆಟಗಾರನ ಮಟ್ಟ ಹೇಳುವ ಅಂಕಿ ಅದು.

"ಅವನಿಗೆ ಪಟ್ಟಿಂಗ್ ಬರಲ್ಲಪ್ಪ. ಅದಕ್ಕೇ ನಿಮ್ಮನ್ನೆಲ್ಲ ಇಟ್ಕೊಂಡಿರೋದು," ಎಂದು ನಕ್ಕಿದ್ದರು.

ನಾನು ವೃತ್ತಿಪರನಾದ ವರ್ಷವೇ, ನಾಲ್ಕು ಮೈದಾನಗಳ ವೃತ್ತಿಪರ ತಂಡಗಳ ನಡುವೆ ಒಂದು ಪಂದ್ಯ ಗೊತ್ತಾಯಿತು. ತಂಡಕ್ಕೆ ನಾಲ್ವರು. ಆಯ್ಕೆ ಪೂರ್ತಿ ಮೇಷ್ಟ್ರ ಕೈಯಲ್ಲಿ. ನನ್ನಂಥ ಹೊಸಬನಿಗೆ ಅದು ಬರೀ ಪಂದ್ಯವಲ್ಲ. ಅಲ್ಲಿ ಆಡಿದವನ ಹೆಸರು ನಾಲ್ಕು ಜನರ ಬಾಯಲ್ಲಿ ಓಡಾಡುತ್ತದೆ, ಮುಂದಿನ ವರ್ಷ ಊರೂರು ಸುತ್ತಿ ಆಡಲು ದಾರಿಯಾಗುತ್ತದೆ. ಆಡದವನು ಮತ್ತೆ ಚೀಲ ಹೊರಬೇಕು. ನಾಲ್ಕು ಸುತ್ತಿನ ಆಯ್ಕೆಯಲ್ಲಿ ಮೊದಲ ಮೂವರು ಸಲೀಸಾಗಿ ಮೇಲೆ ಬಂದರು. ನಾಲ್ಕನೇ ಜಾಗಕ್ಕೆ ಇಬ್ಬರು ಸರಿಸಮ: ಶಿಡ್ಲಘಟ್ಟದವನು ಮತ್ತು ನಾನು.

ಒಂದು ಗುಟ್ಟು ನನ್ನ ಹತ್ತಿರ ಇತ್ತು. ಒಂದೂವರೆ ತಿಂಗಳಿನಿಂದ ನನ್ನ ಎಡ ಮಣಿಕಟ್ಟು ನೋಯುತ್ತಿತ್ತು. ಬಂಕರಿನ ಮರಳಿನಿಂದ ಚೆಂಡು ಎತ್ತುವಾಗ ಮೊಳಕೈವರೆಗೆ ಬೆಂಕಿ ಹತ್ತಿದಂತಾಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಪಂದ್ಯ ಮುಗಿಯಲಿ ಎಂದುಕೊಂಡಿದ್ದೆ…

"ಪ್ಲೇ-ಆಫ್ ಇಡಿ ಸಾರ್. ಮೂರು ಹೋಲ್ ಆಡ್ತೀವಿ. ಗೆದ್ದವನು ಒಳಗೆ, ಸೋತವನು ಮನೆಗೆ," ಎಂದೆ.

ಮೇಷ್ಟ್ರು ನನ್ನನ್ನೇ ನೋಡಿದರು. "ಬೇಡ. ಆಂಜನೇಯನ ಹತ್ರ ಹೂವು ಕೇಳೋಣ."

ಮೈದಾನದ ಬೇಲಿಯಾಚೆ ಹಳ್ಳಿಯ ಪುಟ್ಟ ಗುಡಿ. ವಿಗ್ರಹದ ಎರಡು ಭುಜದ ಮೇಲೂ ಒದ್ದೆ ಹೂವು ಅಂಟಿಸಿ, ಮನಸ್ಸಿನಲ್ಲಿದ್ದುದನ್ನು ಕೇಳಿ, ಯಾವ ಕಡೆಯದು ಮೊದಲು ಬೀಳುತ್ತದೆ ಎಂದು ಕಾಯುವುದು. ಬಲ ನನ್ನ ಹೆಸರಿಗೆ, ಎಡ ಶಿಡ್ಲಘಟ್ಟದವನ ಹೆಸರಿಗೆ ಎಂದಾಯಿತು. ಮದುವೆಗೆ, ಕೊಳವೆಬಾವಿಗೆ ಹೂವು ಕೇಳುವುದನ್ನು ಕಂಡಿದ್ದೆ. ಗಾಲ್ಫ್ ತಂಡಕ್ಕೆ ಕೇಳಿದ್ದು ಅದೇ ಮೊದಲು, ಬಹುಶಃ ಅದೇ ಕೊನೆ. ನಾನು ಗುಡಿಯೊಳಗೆ ಕಾಲಿಡುವುದಿಲ್ಲ ಎಂದೆ. ಬೂಟು ಕೂಡ ಬಿಚ್ಚದೆ ಬೈಕಿಗೆ ಒರಗಿ ನಿಂತೆ.

ಶಿಡ್ಲಘಟ್ಟದವನೂ ನನ್ನ ಜೊತೆಗೇ ನಿಂತ. "ನಿಂಗೆ ಕಂಪನಿ ಕೊಡ್ತೀನಿ ಕಣೋ. ನಿಮ್ಮ ದೇವ್ರು ನನ್ನನ್ನ ಯಾಕ್ ಸೆಲೆಕ್ಟ್ ಮಾಡ್ತಾನೆ ಹೇಳು? ನಿನ್ನದೇ ಗ್ಯಾರಂಟಿ."

"ನನ್ನ ದೇವ್ರು ಅನ್ಬೇಡ. ನಂಗೂ ಅವನಿಗೂ ಮಾತುಕತೆ ಇಲ್ಲ."

"ಹಂಗಾದ್ರೆ ಇಬ್ರೂ ಹೋದ್ವಿ ಬಿಡು," ಎಂದು ನಕ್ಕ.

ಬಹಳ ಹೊತ್ತಾಯಿತು. ಮೇಷ್ಟ್ರು ಹೊರಗೆ ಬಂದಾಗ ಹಣೆಯಲ್ಲಿ ಕುಂಕುಮವಿತ್ತು, ಮುಖ ಬಾಡಿತ್ತು. ಶಿಡ್ಲಘಟ್ಟದವನ ಹೆಗಲ ಮೇಲೆ ಕೈಯಿಟ್ಟು, "ಇವ್ನು ಆಡ್ತಾನೆ," ಎಂದರು. ಅಷ್ಟೇ. ನಾಲ್ಕಾಣೆಯನ್ನು ಬೆರಳ ಸಂದಿನಲ್ಲಿ ತಿರುಗಿಸುತ್ತಾ ಮೈದಾನದ ಕಡೆ ನಡೆದರು.

ಮಾರನೆಯ ದಿನ ಟೀ ಅಂಗಡಿಯ ಮುಂದೆ, ಎಲ್ಲ ಆಟಗಾರರ ಎದುರಿಗೆ, ನಾನು ಕಲಿತ ವಿದ್ಯೆಯನ್ನೆಲ್ಲ ಅವರ ಮೇಲೆ ಸುರಿದೆ. "ನಾಲ್ಕು ಸುತ್ತು ಆಡ್ಸಿದ್ದು ಯಾಕೆ ಸಾರ್? ಮೊದ್ಲೇ ಎರಡು ಚೆಂಡುಹೂ ತಂದಿದ್ರೆ ಆಗ್ತಿತ್ತಲ್ಲ? ಬೆಳಿಗ್ಗೆ ನಿಮ್ ಜೊತೆ ಪ್ರಾರ್ಥನೆ ಮಾಡೋರು ಟೀಮ್, ಮಾಡ್ದೇ ಇರೋರು ಔಟ್. ನೇರವಾಗಿ ಹೇಳಿ, ಒಪ್ಕೊಂಡ್ ಹೋಗ್ತೀನಿ. ಪ್ಲೇ-ಆಫ್‌ಗೆ ಹೆದರಿದ್ದು ನೀವೋ ನಿಮ್ಮ ಆಂಜನೇಯನೋ?"

ಯಾರೋ ನಕ್ಕರು. ಶಿಡ್ಲಘಟ್ಟದವನು ನನ್ನ ತೋಳು ಹಿಡಿದು, "ಸಾಕು ಕಣೋ, ನಿನ್ನ ಅಪ್ಪನ ವಯಸ್ಸು ಅವ್ರಿಗೆ," ಎಂದು ಎಳೆದ. ಮೇಷ್ಟ್ರು ಲೋಟ ಕೆಳಗಿಟ್ಟು, "ಮಾತು ಚೆನ್ನಾಗ್ ಆಡ್ತೀಯಪ್ಪ. ಟೀ ಆರೋಗ್ತದೆ, ಕುಡಿ," ಎಂದರು. ಒಂದು ವಾದಕ್ಕೂ ಉತ್ತರ ಕೊಡಲಿಲ್ಲ. ಉತ್ತರ ಬರಲಿಲ್ಲವೆಂದರೆ ಗೆಲುವು ನನ್ನದು. ನಮ್ಮ ಸ್ಪರ್ಧೆಯ ನಿಯಮವೇ ಅದು.

ಎರಡು ದಿನ ಕಳೆದು, ಸುತ್ತ ಯಾರೂ ಇಲ್ಲದಾಗ ಹತ್ತಿರ ಬಂದು, "ಎಡಗೈ ತೋರ್ಸು," ಎಂದರು. ಏನಿಲ್ಲ ಎಂದೆ. ಹೆಬ್ಬೆರಳಿನಿಂದ ಮಣಿಕಟ್ಟನ್ನು ಮೆಲ್ಲಗೆ ಒತ್ತಿದರು. ಕಣ್ಣಲ್ಲಿ ನೀರು ಬಂತು. "ಮರಳಲ್ಲಿ ಹೊಡ್ಯೋವಾಗ ಹಲ್ಲು ಕಚ್ತೀಯ ನೀನು. ಬೈಕ್ ಹತ್ತು," ಎಂದರು. ಚಿಕ್ಕಬಳ್ಳಾಪುರದ ಮೂಳೆ ಡಾಕ್ಟರು ಸ್ಕ್ಯಾನ್ ಮಾಡಿಸಿ ನೋಡಿ, ಒಳಗಿನ ಸ್ನಾಯುಬಂಧ ಅರ್ಧ ಹರಿದಿದೆ, ಇನ್ನೆರಡು ಸುತ್ತು ಜೋರಾಗಿ ಆಡಿದ್ದರೆ ಪೂರ್ತಿ ಹರಿದು ಕೈ ಮೊದಲಿನಂತೆ ಆಗುತ್ತಿರಲಿಲ್ಲ ಎಂದರು. ಹೊರಗೆ ಬರುವಾಗ ಮೇಷ್ಟ್ರು ಹೇಳಿದ್ದು ಒಂದೇ ಮಾತು. "ಯಾರಿಗೂ ಹೇಳ್ಬೇಡ. ಗಾಯದವನು ಅಂತ ಒಂದ್ಸಲ ಹೆಸ್ರು ಬಿದ್ರೆ, ವಾಸಿಯಾದ್ ಮೇಲೂ ಯಾರೂ ಕರೆಯಲ್ಲ."

ಅದೃಷ್ಟವನ್ನು ನಾನು ನಂಬುವವನಲ್ಲ. ಆದರೂ ಹೂವು ಬೇರೆ ಕಡೆ ಬಿದ್ದದ್ದು ಒಳ್ಳೆಯದೇ ಆಯಿತು, ಕಾಕತಾಳೀಯ, ಎಂದುಕೊಂಡೆ. ಆ ಪಂದ್ಯದಲ್ಲಿ ನಮ್ಮ ತಂಡ ಮೂರನೆಯದಾಯಿತು. ಶಿಡ್ಲಘಟ್ಟದವನು ಚೆನ್ನಾಗಿಯೇ ಆಡಿದ. ಮುಂದಿನ ಒಂದು ವರ್ಷ ಮೇಷ್ಟ್ರು ನನ್ನನ್ನು ದಿನವೂ ಗ್ರೀನ್ ಮೇಲೆ ನಿಲ್ಲಿಸಿದರು. ಬರೀ ಪಟ್ಟಿಂಗ್, ಚೆಂಡನ್ನು ಕುಳಿಗೆ ಉರುಳಿಸುವುದು. ಮೊದಲು ಬಲಗೈಯೊಂದರಲ್ಲೇ, ಆಮೇಲೆ ಎರಡೂ ಕೈಯಲ್ಲಿ. ಪ್ರತಿ ಬೆಳಿಗ್ಗೆ ನಾನು ಜಗಳ ತೆಗೆಯುತ್ತಿದ್ದೆ, ಅವರು ಚೆಂಡು ಉರುಳಿಸುತ್ತಿದ್ದರು. ಇವತ್ತು ನನ್ನ ಆಟದಲ್ಲಿ ಏನಾದರೂ ಇದ್ದರೆ ಅದು ಆ ವರ್ಷದ್ದು.

ಆ ವರ್ಷ ಒಂದನ್ನು ಗಮನಿಸಿದ್ದೆ. ಮೇಷ್ಟ್ರು ನಾಲ್ಕಾಣೆ ಬಿಟ್ಟು ನೀಲಿ ಪ್ಲಾಸ್ಟಿಕ್ ಬಿಲ್ಲೆ ಇಡತೊಡಗಿದ್ದರು. "ನಾಲ್ಕಾಣೆ ಎಲ್ಲಿ ಸಾರ್?" ಎಂದರೆ, "ಎಲ್ಲೋ ಇಟ್ಟಿದೀನಿ ಬಿಡಪ್ಪ," ಎನ್ನುತ್ತಿದ್ದರು.

ನಾನು ಪೂರ್ತಿ ಆಟಕ್ಕೆ ಮರಳುವ ಮೊದಲೇ ಅವರ ಎದೆ ಕೈಕೊಟ್ಟಿತು. ತಿಥಿ ಮುಗಿದ ಮೇಲೆ ಅವರ ಹೆಂಡತಿ ಚೀಲವನ್ನು ನನ್ನ ಮುಂದೆ ಇಟ್ಟರು. "ನಿಂಗೇ ಕೊಡು ಅಂದಿದ್ರು. ಬೇಡ ಅಂತ ವಾದ ಮಾಡ್ತಾನೆ, ಕಿವಿಗೆ ಹಾಕ್ಕೋಬೇಡ ಅಂತಾನೂ ಅಂದಿದ್ರು." ನಾನು ವಾದ ಮಾಡಲಿಲ್ಲ. ತಿಂಗಳುಗಟ್ಟಲೆ ಆ ಚೀಲ ಮುಟ್ಟಲೂ ಇಲ್ಲ. ಈ ವರ್ಷದ ತಂಡಕ್ಕೆ ನನ್ನ ಹೆಸರು ಬಂದ ದಿನ, ಅದೇ ಚೀಲದಲ್ಲಿ ಆಡೋಣವೆಂದು ತೆಗೆದಾಗ ಸಿಕ್ಕಿದ್ದು ಈ ಗಂಟು.

ಗಂಟು ಹಿಡಿದು ಗುಡಿಗೆ ಹೋದೆ. ಹೊಸ್ತಿಲ ಹೊರಗೇ ನಿಂತು ತೋರಿಸಿದೆ. ಪೂಜಾರಿ ತಾತ ಕಣ್ಣು ಕಿರಿದು ಮಾಡಿ ನೋಡಿದರು.

"ಇದು ಮೇಷ್ಟ್ರದ್ದಲ್ವಾ? ನಿನ್ನ ಹತ್ರ ಬಂತಾ?"

"ತಪ್ಪುಕಾಣಿಕೆ ಯಾಕೆ ತಾತ? ಹೂವು ಎಡಕ್ಕೆ ಬಿತ್ತು, ಅವರೂ ಅದೇ ಥರ ಮಾಡಿದ್ರಲ್ಲ?"

"ಎಡಕ್ಕಾ? ಯಾರು ಹೇಳಿದ್ದು ನಾಯನಾ? ಬಲಕ್ಕೇ ಬಿತ್ತು. ಬಲ ಅಂದ್ರೆ ನಿನ್ನ ಹೆಸ್ರು. ಇನ್ನೊಂದ್ ಸಲ ಹೂವು ಇಡಿ ಅಂದ್ರು. ಆಗಲ್ಲ, ಕೇಳೋದು ಒಂದೇ ಸಲ ಅಂದೆ. ಸುಮಾರ್ ಹೊತ್ತು ನಿಂತಿದ್ರು. ಆಮೇಲೆ ಸ್ವಾಮಿ ಮುಖ ನೋಡಿ, 'ಇದೊಂದು ನಿನ್ನ ಮಾತು ಕೇಳಕ್ಕಾಗಲ್ಲ ತಂದೆ, ಹುಡುಗನ ಕೈ ಹೋಗ್ತದೆ' ಅಂದ್ರು."

ನಾನು ಅಂಗೈಯಲ್ಲಿದ್ದ ಗಂಟನ್ನು ನೋಡಿದೆ.

"ಮಾರನೇ ದಿನ ಸಾಯಂಕಾಲ ಗಂಟು ಕಟ್ಕೊಂಡು ಬಂದ್ರು. ಕೊಡಿ ಅಂದೆ. ಈಗ್ಲೇ ಅಲ್ಲ, ಅವ್ನು ವಾಸಿಯಾಗಿ ಟೀಮ್‌ನಲ್ಲಿ ಆಡಿದ್ ಮೇಲೆ ತಂದು ಹಾಕ್ತೀನಿ ಅಂದ್ರು."

ಮಾರನೇ ದಿನ ಸಾಯಂಕಾಲ… ಅಂದರೆ ಬೆಳಿಗ್ಗೆ ನಾನು ಟೀ ಅಂಗಡಿಯ ಮುಂದೆ ಅಷ್ಟೆಲ್ಲ ಅಂದ ಮೇಲೆ.

ದೇವರು ಹೇಳಿದ ಎಂದು ಮೇಷ್ಟ್ರು ಯಾವತ್ತೂ ಹೇಳಿರಲಿಲ್ಲ. "ಇವ್ನು ಆಡ್ತಾನೆ" ಎಂದಿದ್ದರು, ಅಷ್ಟೇ. ಉಳಿದದ್ದನ್ನು ಕಟ್ಟಿಕೊಂಡವನು ನಾನು. ಪುರಾವೆ ಎಲ್ಲಿ ಎಂದು ಕೇಳಿಯೇ ಬಹುಮಾನ ಗೆದ್ದವನು. ಪುರಾವೆ ಇಪ್ಪತ್ತು ಹೆಜ್ಜೆ ದೂರದಲ್ಲಿ, ವಿಗ್ರಹದ ಬಲಗಡೆ, ಕಲ್ಲಿನ ಮೇಲೆ ಬಿದ್ದಿತ್ತು. ಬೂಟು ಬಿಚ್ಚಲು ಒಪ್ಪದ ನಾನು ಹೋಗಿ ನೋಡಲಿಲ್ಲ. ಅವರು ಟೀ ಅಂಗಡಿಯಲ್ಲಿ ಒಂದೇ ಒಂದು ವಾಕ್ಯ ಆಡಿದ್ದರೆ ನನ್ನ ವಾದವೆಲ್ಲ ಮಣ್ಣುಪಾಲಾಗುತ್ತಿತ್ತು. ಜೊತೆಗೆ ನನ್ನ ಕೈಯ ಸುದ್ದಿಯೂ ಊರಿಡೀ ಹರಡುತ್ತಿತ್ತು. ಅದಕ್ಕೇ ಸುಮ್ಮನಿದ್ದು, ಲೋಟ ಕೆಳಗಿಟ್ಟರು.

ದೇವರ ಮಾತು ಮೀರುವುದು ನನ್ನಂಥವನಿಗೆ ಸುಲಭ, ನನಗೆ ಅಲ್ಲಿ ಮೀರಲು ಏನೂ ಇಲ್ಲ. ಮೇಷ್ಟ್ರು ಪೂರ್ತಿ ನಂಬಿದವರು. ನಂಬಿಕೊಂಡೇ ಇಲ್ಲ ಎಂದರು, ನನ್ನ ಮಣಿಕಟ್ಟಿಗಾಗಿ. ಆಮೇಲೆ ನನ್ನಿಂದಲೇ ಮೂಢ ಎನ್ನಿಸಿಕೊಂಡರು.

ಹೋದ ಭಾನುವಾರ ತಂಡದಲ್ಲಿ ಆಡಿದೆ. ಹದಿನೆಂಟೂ ಗ್ರೀನಿನಲ್ಲಿ ಆ ನಾಲ್ಕಾಣೆಯನ್ನೇ ಇಟ್ಟೆ. ಜೊತೆಗೆ ಆಡಿದ ಶಿಡ್ಲಘಟ್ಟದವನು ಅದನ್ನು ನೋಡಿ ನನ್ನ ಬೆನ್ನು ತಟ್ಟಿದ. ಮಣಿಕಟ್ಟು ಒಂದು ಸಲವೂ ನೋಯಲಿಲ್ಲ.

ಸೋಮವಾರ ಬೆಳಿಗ್ಗೆ ನಾಲ್ಕಾಣೆಯನ್ನು ಅದೇ ಬಟ್ಟೆಯಲ್ಲಿ ಕಟ್ಟಿ, ಬೂಟು ಬಿಚ್ಚಿ, ಒಳಗೆ ಹೋದೆ. ನನ್ನ ನಿಲುವು ಬದಲಾಗಿಲ್ಲ, ಕೈಯನ್ನೂ ಮುಗಿಯಲಿಲ್ಲ. ಗಂಟು ತಟ್ಟೆಗೆ ಹಾಕಿದೆ. ತಾತ, "ಬಂದಿದೀಯಲ್ಲ, ಹೂವು ಏನಾದ್ರೂ ಕೇಳ್ತೀಯಾ?" ಎಂದರು.

"ಬೇಡ ತಾತ. ಕೇಳ್ಬೇಕಾಗಿದ್ದು ಮೇಷ್ಟ್ರನ್ನ," ಎಂದೆ.

ಈಗ ನನ್ನ ಜೇಬಿನಲ್ಲಿರುವುದು ಅವರ ನೀಲಿ ಪ್ಲಾಸ್ಟಿಕ್ ಬಿಲ್ಲೆ. ಗ್ರೀನ್ ಮೇಲೆ ಅದನ್ನಿಟ್ಟು ಚೆಂಡು ಎತ್ತಿಕೊಳ್ಳುವಾಗೆಲ್ಲ, ಪಕ್ಕದಲ್ಲಿ ಜಗಳಕ್ಕೆ ಯಾರೂ ಇಲ್ಲ.