ಯುಹಾನ್ ಯಂತ್ರಕ್ಕಿಟ್ಟ ಹಸಿರು ಪೊಟ್ಟಣ

ತ್ಸೆಂಗ್ ಯುಹಾನಳಿಗೆ ಎರಡು ಮಳೆಗಾಲದ ಚಂಡಮಾರುತ ಭತ್ಯೆ ಇನ್ನೂ ಬರಬೇಕು. ಗುತ್ತಿಗೆಯವನು ಇವತ್ತು ನಾಳೆ ಎಂದು ತಳ್ಳುತ್ತಲೇ ಇದ್ದಾನೆ. ವಾಯುಮಂಡಲ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದವಳು. ಕಾಯಂ ಹುದ್ದೆಯ ಪರೀಕ್ಷೆಗೆ ಕೂತವರು ಸಭಾಂಗಣದ ತುಂಬ, ಹುದ್ದೆ ಎರಡು. ಉಳಿದವರಂತೆ ಅವಳೂ ವರ್ಷದ ಗುತ್ತಿಗೆಗೆ ಸಹಿ ಹಾಕಿ, ಪೆಂಗ್ಹು ದ್ವೀಪದ ಕೇಂದ್ರದಲ್ಲಿ ಬೆಳಿಗ್ಗೆ ಸಂಜೆ ಹವಾಮಾನದ ಬಲೂನು ಹಾರಿಸುತ್ತಿದ್ದಳು.

ಈ ವರ್ಷ ತಾನೇ ಅನಿಲ ತುಂಬಿ ತಾನೇ ಬಲೂನು ಬಿಡುವ ಯಂತ್ರ ರಾಜಧಾನಿ ತೈಪೆಯಿಂದ ಬಂತು. ಚಂಡಮಾರುತದಲ್ಲಿ ಹಾರಿಸಿ ತೋರಿಸಿದರೆ ಯಂತ್ರ ಉಳಿಯುತ್ತದೆ, ಯುಹಾನ್ ಹೋಗುತ್ತಾಳೆ. ಕೈಕೊಟ್ಟರೆ ಇನ್ನೊಂದು ವರ್ಷ ಅವಳದು.

ಯಂತ್ರ ಕೂರಿಸಿದ ಇಂಜಿನಿಯರ್ ಪಾನ್ ಚಂಡಮಾರುತಕ್ಕೆ ಮುಂಚಿನ ಕೊನೆಯ ಹಡಗು ಹಿಡಿಯುವ ಅವಸರದಲ್ಲಿ ಅದರ ನೆತ್ತಿಯ ಮೇಲೆ ಕುರುಕಲು ತಿಂಡಿಯ ಪೊಟ್ಟಣವೊಂದನ್ನು ಇಟ್ಟು ಹೋದ. ಯಂತ್ರ ಹಟ ಮಾಡದಿರಲಿ ಎಂದು ಅಲ್ಲಿ ಎಲ್ಲರೂ ಇಡುತ್ತಾರೆ. ಆದರೆ ಎಲ್ಲ ಸರಿಯಿದೆ ಎನ್ನುವ ಹಸಿರು ದೀಪ ಉರಿಯಬೇಕಾದರೆ ಹಸಿರು ಪೊಟ್ಟಣವೇ ಆಗಬೇಕು. ಪಾನ್ ಇಟ್ಟದ್ದು ಹಳದಿ.

ಜೊತೆಯಲ್ಲಿ ಕೆಲಸ ಮಾಡುವ ಹಿರಿಯ ಕೋ ಅದನ್ನು ಕಂಡು ಕಿಸಕ್ಕನೆ ನಕ್ಕ. "ಸುಮ್ನಿರು ತಂಗಿ. ನಾವು ಮುಟ್ಟಿಲ್ಲ, ತಟ್ಟಿಲ್ಲ. ಅದಾಗೇ ಮಕಾಡೆ ಮಲಗ್ಲಿ."

ಯುಹಾನಳಿಗೂ ಒಳಗೊಳಗೇ ಅದೇ ಆಸೆ. ಆದರೆ ಹೊರಗೆ ಕಡಲು ಎದ್ದಿತ್ತು. ಇಲ್ಲಿ ಬಲೂನು ಬಿಡುವ ಗಳಿಗೆಯಲ್ಲೇ ಜಪಾನಿನಲ್ಲಿ, ಕೊರಿಯಾದಲ್ಲಿ, ಮಂಗೋಲಿಯಾದ ಬಯಲಿನಲ್ಲಿ ಇಂಥವೇ ಬಲೂನು ಏಳುತ್ತವೆ. ಇಲ್ಲಿಯದು ಏಳದಿದ್ದರೆ ಆಕಾಶದ ನಕ್ಷೆಯಲ್ಲಿ, ಬಿರುಗಾಳಿ ನಿಂತ ಜಾಗದಲ್ಲೇ ತೂತು. ಗಾಳಿ ಯಾರ ಬಂದರಿನ ಮೇಲೆ ಬೀಳುತ್ತದೆಂದು ಹೇಳುವವರೇ ಇರುವುದಿಲ್ಲ.

ಅವಳು ಮಳೆಕೋಟು ಹಾಕಿಕೊಂಡು, ಗಾಳಿಗೆ ಎದೆ ಕೊಟ್ಟು ನಡೆದು, ಅರ್ಧ ಬಾಗಿಲೆಳೆದಿದ್ದ ಅಂಗಡಿಯಿಂದ ಹಸಿರು ಪೊಟ್ಟಣ ತಂದಳು. ಅವಧಿ ಮೀರಿಲ್ಲವೆಂದು ನೋಡಿ ಯಂತ್ರದ ಮೇಲಿಟ್ಟಳು. ಹಳದಿಯದನ್ನು ಕೋ ಹರಿದು ಬಾಯಿಗೆ ಹಾಕಿಕೊಂಡ.

"ನಿನ್ ಹೊಟ್ಟೆ ಮೇಲೆ ನೀನೇ ಹೊಡ್ಕೊಂಡ್ಯಲ್ಲೇ."

"ಗೊತ್ತಣ್ಣ. ಒಬ್ಬನೇ ಮುಕ್ಕಬೇಡ, ನಂಗೂ ಕೊಡು."

ಹೊತ್ತಿಗೆ ಸರಿಯಾಗಿ ಯಂತ್ರದ ಮುಚ್ಚಳ ತೆರೆಯಿತು. ಬಿಳಿ ಬಲೂನು ಅಡ್ಡಡ್ಡ ಹಾರಿ, ಇನ್ನೇನು ಚಾವಣಿಗೆ ಬಡಿಯಿತು ಎನ್ನುವಷ್ಟರಲ್ಲಿ ಮೇಲೆದ್ದು ಮೋಡದೊಳಗೆ ಮಾಯವಾಯಿತು. ಅದಕ್ಕೆ ಕಟ್ಟಿದ ಉಪಕರಣ ಕಳಿಸುವ ಅಳತೆಗಳು ಪರದೆಯ ಮೇಲೆ ಗೆರೆಗಳಾಗಿ ಮೂಡತೊಡಗಿದವು. ಬಲೂನು ಮರ ಕೀಳುವ ಗಾಳಿ ದಾಟಿತು. ವಿಮಾನಗಳ ದಾರಿ ದಾಟಿತು. ಹಗಲಲ್ಲೂ ಆಕಾಶ ಕಪ್ಪಾಗುವ ಎತ್ತರದಲ್ಲಿ ಬಲೂನು ಮನೆಯಷ್ಟು ಉಬ್ಬಿ ತೇಲುತ್ತಿತ್ತು. ಅಷ್ಟು ದೊಡ್ಡ ಚಂಡಮಾರುತ ಅದರ ಕೆಳಗೆ ಗಿರಗಿರನೆ ಸುತ್ತುತ್ತಿತ್ತು. ಕೋ ಅಗಿಯುವುದನ್ನೇ ಮರೆತ.

"ಎಷ್ಟು ಸಲ ನೋಡಿದ್ರೂ ಮೈ ಜುಮ್ ಅನ್ನುತ್ತಲ್ಲಣ್ಣ," ಎಂದಳು ಯುಹಾನ್. ಎಂದಿನಂತೆ ಏರುವಷ್ಟು ಏರಿ ಬಲೂನು ಒಡೆಯಿತು. ಗೆರೆ ನಿಂತಿತು.

ಬಿರುಗಾಳಿಯ ದಾರಿ ಮೊದಲೇ ತಿಳಿದು ದೋಣಿಗಳು ಉಳಿದವು. ಯಂತ್ರ ಪಾಸಾಯಿತು. ಯುಹಾನಳ ಗುತ್ತಿಗೆ ಮುಗಿಯಿತು. ಕಡಲಲ್ಲಿ ಗಾಳಿಯಂತ್ರ ನೆಡುವ ಕಂಪನಿಯೊಂದು ಅವಳನ್ನು ಕರೆದಿದೆ, ಅದೂ ಗುತ್ತಿಗೆಯೇ.

ಹವಾಮಾನ ಕೆಟ್ಟಿತು ಎಂದು ವೇದಿಕೆ ಹತ್ತಿ ಅರಚುವವರಿಗೆ ಆಕಾಶ ಓದುವವರ ಸಂಬಳ ಮಾತ್ರ ಭಾರ. ನಿಮ್ಮೂರ ಹವಾಮಾನ ಕಚೇರಿಗೆ ಹೋಗಿ. ಇಲ್ಲಿ ಕಾಯಂ ಎಷ್ಟು ಜನ, ಗುತ್ತಿಗೆ ಎಷ್ಟು ಜನ ಎಂದು ಕೇಳಿ. ಉತ್ತರ ಸಿಗುವ ತನಕ ಬಾಗಿಲಿಂದ ಕದಲಬೇಡಿ.