ಎರಡನೇ ಚರಣದ ತನಕ

ನಾನು ಪಾಪ್ ಗಾಯಕಿಯಾದದ್ದು ಕೊಟ್ಟೂರಿನಲ್ಲಿ. ನಗುವವರು ನಗಬಹುದು, ಆಗಲೂ ನಕ್ಕಿದ್ದರು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಓಣಿಗೆ ಕೇಬಲ್ ಬಂದಿತ್ತು. ಟಿ.ವಿ.ಯಲ್ಲಿ ಮಿಣಮಿಣ ಜಾಕೆಟ್ ಹಾಕಿಕೊಂಡ ಹುಡುಗಿಯರು ಯಾವ ಸಿನಿಮಾಕ್ಕೂ ಸೇರದ ಹಾಡು ಹಾಡುತ್ತಿದ್ದರು. ಪಕ್ಕದಲ್ಲಿ ಹೀರೋ ಇಲ್ಲ, ಮರ ಸುತ್ತುವುದಿಲ್ಲ. ಹಾಡೂ ಅವರದೇ, ಕುಣಿತವೂ ಅವರದೇ. ಪಿ.ಯು.ಸಿ. ಓದುತ್ತಿದ್ದ ನಾನು ಅದನ್ನು ನೋಡಿ ಕೆಟ್ಟೆ. ಕೆಟ್ಟೆ ಅನ್ನುವುದು ಅಮ್ಮನ ಮಾತು, ಇವತ್ತಿಗೂ ಆಕೆ ಅದನ್ನು ಬದಲಿಸಿಲ್ಲ.

ಅಪ್ಪನದು ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಬೇರೆಯವರು ಮೈಕ್ ಪರೀಕ್ಷಿಸಲು ಹಲೋ ಹಲೋ ಅಂದರೆ, ನಮ್ಮಲ್ಲಿ ನನ್ನನ್ನು ಕರೆದು ಎರಡು ಸಾಲು ಹಾಡಿಸುತ್ತಿದ್ದರು. ನನ್ನ ಸಂಗೀತಾಭ್ಯಾಸ ಅಷ್ಟೇ, ಮುಚ್ಚುಮರೆ ಏನಿಲ್ಲ. ಮೈಕ್ ಒಯ್ಯಲು ಬಂದವರು ಅದರ ಜೊತೆ ಹಾಡುವ ಹುಡುಗಿಯನ್ನೂ ಕಳಿಸಿ ಅನ್ನತೊಡಗಿದಾಗ ಅಪ್ಪನಿಗೆ ಹೊಸ ದಾರಿ ಹೊಳೆಯಿತು. ಹರಪನಹಳ್ಳಿಯ ಕೀಬೋರ್ಡ್ ಮಾಸ್ತರರೊಬ್ಬರನ್ನು, ಪ್ಯಾಡ್ ಬಾರಿಸುವವನೊಬ್ಬನನ್ನು ಕೂಡಿಸಿಕೊಂಡು ಆರ್ಕೆಸ್ಟ್ರಾ ಕಟ್ಟಿಯೇಬಿಟ್ಟ. ಹಾಡುವುದು ನಾನು, ಆಯೇರಿ ಕೂಗುವುದು ಅಪ್ಪ.

ಆಯೇರಿ ಅಂದರೆ ಮೆಚ್ಚುಗೆಯ ಕಾಣಿಕೆ. ಮದುವೆಯಲ್ಲೋ ಗಣಪತಿ ಕೂಡಿಸಿದಲ್ಲೋ ಹಾಡು ನಡೆದಿರುವಾಗ ಮೆಚ್ಚಿದವರು ವೇದಿಕೆಗೆ ಬಂದು ಒಂದು ನೋಟು ಕೊಟ್ಟು, ಕಿವಿಯಲ್ಲಿ ತಮ್ಮ ಹೆಸರು ಹೇಳುತ್ತಾರೆ. ಅದನ್ನು ಆಗಿಂದಾಗಲೇ ಮೈಕಿನಲ್ಲಿ ಕೂಗಬೇಕು. ಅಪ್ಪ ಕೈ ಎತ್ತಿದ ಕೂಡಲೇ ನಾನು ಬಾಯಿ ಮುಚ್ಚಿ, ಒಂದು ಹೆಜ್ಜೆ ಹಿಂದೆ ಸರಿದು, ಕೈ ಮುಗಿದು ನಗಬೇಕು. ಕೀಬೋರ್ಡು ಗಾಣದ ಎತ್ತಿನಂತೆ ಅಲ್ಲಲ್ಲೇ ಸುತ್ತುತ್ತಿರುತ್ತದೆ. ಅಪ್ಪ ಶುರುಮಾಡುತ್ತಿದ್ದ: ಹಂಪಸಾಗರದ ಇಂಥವರ ಮೊಮ್ಮಕ್ಕಳು, ಇಂಥವರ ಮಕ್ಕಳು, ಮದುಮಗನ ಖಾಸಾ ಸೋದರಮಾವನವರು, ಕಲಾವಿದೆಯ ಕಂಠಕ್ಕೆ ಮನಸೋತು... ಅದು ಮುಗಿಯುವುದರೊಳಗೆ ಮದುಮಗಳ ಕಡೆಯವರಿಗೆ ಮೈ ಉರಿದು ಅವರೂ ಎದ್ದು ಬರುತ್ತಿದ್ದರು. ಅವರ ಹಿಂದೆ ಮತ್ತೆ ಇವರು. ಎಲ್ಲ ಮುಗಿದಾಗ ಯಾರೋ ಬೇರೆ ಹಾಡು ಕೇಳುತ್ತಿದ್ದರು, ನಾನು ಬೇರೆ ಹಾಡು ಎತ್ತುತ್ತಿದ್ದೆ.

ಹೀಗೆ ನಾನು ಹಡಗಲಿಯಿಂದ ಕೂಡ್ಲಿಗಿಯ ತನಕ ಲೆಕ್ಕವಿಲ್ಲದಷ್ಟು ಹಾಡು ಹಾಡಿದೆ, ಎಲ್ಲವೂ ಅರ್ಧ. ಪಲ್ಲವಿ, ಒಂದು ಚರಣ, ಆಮೇಲೆ ಸೋದರಮಾವ. ಎರಡನೇ ಚರಣ ಅನ್ನುವುದೊಂದು ಇದೆ ಅಂತ ಜನಕ್ಕೆ ಮರೆತೇ ಹೋಗಿತ್ತು. ಅಪ್ಪನಿಗಂತೂ ಆ ಕೂಗಾಟವೇ ನಿಜವಾದ ಕಾರ್ಯಕ್ರಮ. ದನಿಯೂ ಹಾಗೇ ಇತ್ತು ಅನ್ನಿ. ಅವನ ಬಾಯಲ್ಲಿ ತಮ್ಮ ಹೆಸರು ಕೇಳಬೇಕು ಅಂತಲೇ ಎಷ್ಟೋ ಜನ ಬರುತ್ತಿದ್ದರು. ತಮ್ಮ ಹೆಸರನ್ನು ಇನ್ನೊಮ್ಮೆ, ಸ್ವಲ್ಪ ಎಳೆದು ಹೇಳಿ ಅಂತ ಬೇಡಿಕೊಂಡವರನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಗುಡೇಕೋಟೆಯ ಒಂದು ಮದುವೆ ಮುಗಿಸಿ ಟೆಂಪೋದಲ್ಲಿ ಬರುವಾಗ ಅಪ್ಪನ ಮೇಲೆ ಹರಿಹಾಯ್ದೆ. ಒಂದೇ ಒಂದು ಹಾಡನ್ನು ಮೊದಲಿಂದ ಕೊನೆಯ ತನಕ ಹಾಡಲು ಬಿಡು, ಮತ್ತೇನೂ ಕೇಳುವುದಿಲ್ಲ ಅಂದೆ. ಅಪ್ಪ ಮದುವೆಮನೆಯ ಎಲೆ ಅಡಿಕೆ ಜಗಿಯುತ್ತಿದ್ದ.

"ಹಾಡು ಎಲ್ಲಿ ಓಡಿ ಹೋಗ್ತತವ್ವಾ? ಅದು ನಿನ್ನ ಬಾಯಾಗ ಇರ್ತತಿ. ಕೊಟ್ಟವ್ರು ಎದ್ದು ಹೋಗ್ತಾರ."

ಊರು ಬರುವ ತನಕ ಮುಖ ಊದಿಸಿಕೊಂಡು ಕೂತೆ. ಅಪ್ಪ ಗಮನಿಸಲೂ ಇಲ್ಲ.

ಆ ಬೇಸಿಗೆ ಕೀಬೋರ್ಡ್ ಮಾಸ್ತರರು ನನಗಾಗಿ ಒಂದು ಹಾಡು ಕಟ್ಟಿದರು. ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವ ಹುಡುಗಿಯ ಹಾಡು. ಬಸ್ಸು ಬರುವುದಿಲ್ಲ, ಕೇಳಿದವರೆಲ್ಲ ಈಗ ಬಂತು ಅನ್ನುತ್ತಾರೆ, ಮಿರ್ಚಿಯವನು ಇನ್ನೊಂದು ಪ್ಲೇಟು ತಿನ್ನು ಅನ್ನುತ್ತಾನೆ. ಕುಣಿಯುವ ತಾಳ, ನಡುನಡುವೆ ಬಸ್ಸಿನ ಹಾರನ್ನು. ಇದೇ ನನ್ನ ಪಾಪ್. ಆ ವರ್ಷ ಎಲ್ಲ ಕಾರ್ಯಕ್ರಮಗಳಲ್ಲೂ ಅದನ್ನು ಹಾಡಿದೆ. ಕೇಳಿದವರದು ಒಂದೇ ಪ್ರಶ್ನೆ, ಯಾವ ಸಿನಿಮಾದ್ದು? ಯಾವುದರದೂ ಅಲ್ಲ ಅಂದರೆ ತಂದೆತಾಯಿ ಇಲ್ಲದ ಕೂಸನ್ನು ನೋಡಿದ ಹಾಗೆ ನೋಡುತ್ತಿದ್ದರು. ಉಜ್ಜಿನಿಯಲ್ಲಿ ಒಬ್ಬ ಹಿರಿಯರು ಕರುಣೆ ಉಕ್ಕಿ, ಚಿಂತಿ ಮಾಡಬ್ಯಾಡ, ಯಾವುದಾದರೂ ಸಿನಿಮಾದವರು ತಗೊಂಡೇ ತಗೋತಾರೆ ಅಂತ ಸಮಾಧಾನ ಹೇಳಿದರು. ಆ ಹಾಡಿಗೂ ಮಾಮೂಲಿನಂತೆ ಮೊದಲ ಚರಣಕ್ಕೇ ಆಯೇರಿ ಬರುತ್ತಿತ್ತು.

ಅಷ್ಟರಲ್ಲಿ ಹುಬ್ಬಳ್ಳಿಯ ಸ್ಟುಡಿಯೋದಲ್ಲಿ ಕೆಲಸ ಕಲಿತು ಬಂದ ಒಬ್ಬ ತರುಣ ಹರಪನಹಳ್ಳಿಯಲ್ಲಿ ರೆಕಾರ್ಡಿಂಗ್ ಶುರುಮಾಡಿದ. ಈ ಕಡೆಯ ಹೊಸಬರನ್ನು ಹಾಕಿ ಒಂದು ಕ್ಯಾಸೆಟ್ ತೆಗೆಯುವವನಿದ್ದ. ಮಾಸ್ತರರು ನಮ್ಮ ಹಾಡು ಕೇಳಿಸಿದರು, ಅವನು ಒಪ್ಪಿದ. ಅಮ್ಮ ಮಾತ್ರ ಕರಾರು ಹಾಕಿದಳು: ಕ್ಯಾಸೆಟ್ಟಿನಲ್ಲಿ ಬಂದರೆ ಹಾಡಿಕೊಂಡಿರು, ಬರದಿದ್ದರೆ ಬಾಯಿ ಮುಚ್ಚಿಕೊಂಡು ಟಿ.ಸಿ.ಎಚ್. ಸೇರಿ ಟೀಚರ್ ಆಗು. ಅಮ್ಮ ಸುಮ್ಮನೆ ಹೇಳುವವಳಲ್ಲ. ಟಿ.ಸಿ.ಎಚ್. ಅರ್ಜಿ ಅದಾಗಲೇ ತರಿಸಿದ್ದಳು.

ಸ್ಟುಡಿಯೋ ಇದ್ದದ್ದು ಗಾದಿ ಅಂಗಡಿಯ ಮಹಡಿ ಮೇಲೆ. ಹೊರಗಿನ ಸದ್ದು ಬರಬಾರದೆಂದು ನಾಲ್ಕೂ ಗೋಡೆಗೆ ಹತ್ತಿಯ ಗಾದಿ ನಿಲ್ಲಿಸಿದ್ದರು. ನಡುವೆ ಒಂದು ಗಾಜು, ಅದರಾಚೆ ಮಷೀನು. ಇಷ್ಟು ಸದ್ದಿಲ್ಲದ ಜಾಗದಲ್ಲಿ ನಾನು ಯಾವತ್ತೂ ಬಾಯಿ ತೆಗೆದವಳಲ್ಲ. ಅಪ್ಪನನ್ನು ಕೆಳಗೇ ಕೂರಿಸಿದರು. ಅವನು ಸುಮ್ಮನೆ ಉಸಿರಾಡಿದರೂ ಟೇಪಿಗೆ ಬೀಳುತ್ತದೆ ಅಂತ ಮಾಸ್ತರರಿಗೆ ಭಯ. ಕೆಳಗೆ ಅಪ್ಪನ ಪಕ್ಕದಲ್ಲೇ ಹಡಗಲಿಯ ಒಬ್ಬ ಹುಡುಗಿ ತನ್ನ ಸರದಿಗೆ ಕಾಯುತ್ತಿದ್ದಳು. ಎರಡು ಜಡೆ ಹಾಕಿಕೊಂಡು, ಯಾವ ಹಾಡು ಕೊಟ್ಟರೂ ಹಾಡಲು ತಯಾರಾಗಿದ್ದಳು.

ಕಿವಿಗೆ ಹೆಡ್‌ಫೋನ್ ಹಾಕಿದರು. ಸಂಗೀತ ಬಂತು, ಹಾಡಿದೆ. ಪಲ್ಲವಿ ಹೂವಿನ ಹಾಗೆ ಬಂತು. ಮೊದಲ ಚರಣ ಇನ್ನೂ ಚೆನ್ನಾಗಿ ಬಂತು. ಆಮೇಲೆ ಸುಮ್ಮನಾದೆ. ಒಂದು ಹೆಜ್ಜೆ ಹಿಂದೆ ಸರಿದು, ಗಾದಿಗಳಿಗೆ ಕೈ ಮುಗಿದು, ನಕ್ಕೆ.

ಸಂಗೀತ ತನ್ನ ಪಾಡಿಗೆ ಮುಂದೆ ಹೋಯಿತು. ರೆಕಾರ್ಡಿಂಗ್ ಮಾಡುವವನು ಗಾಜಿನಾಚೆಯಿಂದ, ಯಾರಿಗೆ ಕೈ ಮುಗಿದಿರಿ ಅಂತ ಬಹಳ ಮರ್ಯಾದೆಯಿಂದ ಕೇಳಿದ. ನೆಲ ಬಾಯಿ ಬಿಟ್ಟಿದ್ದರೆ ಒಳಗೆ ಹೋಗುತ್ತಿದ್ದೆ. ಮತ್ತೆ ಶುರುಮಾಡಿದೆವು. ಈ ಸಲ ದುಪಟ್ಟಾ ಬಿಗಿಯಾಗಿ ಹಿಡಿದುಕೊಂಡೆ, ಕೈ ಏಳಲಿಲ್ಲ, ಬಾಯಿ ನಿಂತಿತು. ಮತ್ತೆ, ಮತ್ತೆ. ಕೊನೆಗೆ ಮಾಸ್ತರರು ಎದುರು ನಿಂತು ಹಾಡು ಹಾಡು ಅಂತ ಕೈ ಬೀಸಿದರು. ಕೈ ಮೇಲೆ ಹೋದದ್ದು ಕಂಡಿತೋ ಇಲ್ಲವೋ, ನಾನು ಇನ್ನೂ ಬೇಗ ಬಾಯಿ ಮುಚ್ಚಿದೆ. ವರ್ಷಗಟ್ಟಲೆ ಅಪ್ಪನ ಮೇಲೆ ಹಲ್ಲು ಕಡಿದಿದ್ದೆನಲ್ಲ, ಈಗ ತಡೆಯುವವರು ಯಾರೂ ಇಲ್ಲದೆ ನಾನೇ ನಿಲ್ಲುತ್ತಿದ್ದೆ. ಅಳು ಬಂತು, ಅತ್ತೂಬಿಟ್ಟೆ.

ಮಧ್ಯಾಹ್ನ ಕರೆಂಟ್ ಹೋಗುವ ಹೊತ್ತು ಹತ್ತಿರ ಬರುತ್ತಿತ್ತು. ರೆಕಾರ್ಡಿಂಗಿನವನು ಮಾಸ್ತರರನ್ನು ಕರೆದು, ಇನ್ನೊಂದೇ ಸಲ, ಆಗಲಿಲ್ಲ ಅಂದರೆ ಈ ಹಾಡನ್ನು ಕೆಳಗಿರುವ ಹುಡುಗಿಗೆ ಕೊಡೋಣ ಅಂದ. ಕೆಟ್ಟವನೇನಲ್ಲ, ಕೆಲಸ ಆಗಬೇಕಿತ್ತು. ನನ್ನ ಬಸ್ಸಿಗೆ ಅವಳು ಕಾಯುವುದೇ? ಮಾಸ್ತರರು ದಡದಡ ಕೆಳಗೆ ಹೋಗಿ ಅಪ್ಪನಿಗೆ ವಿಷಯ ಹೇಳಿದರು.

ಅಪ್ಪ ಮೇಲೆ ಬಂದ. ನನ್ನ ಮುಖ ನೋಡಿದ, ಗಾದಿಗಳನ್ನು ನೋಡಿದ. ಎಲ್ಲಿ ನಿಲ್ಲುತ್ತಾಳೆ ಅಂತ ಕೇಳಿದ. ಮೊದಲ ಚರಣ ಮುಗಿದ ಕೂಡಲೇ ಅಂದರು ಮಾಸ್ತರರು. ಅಪ್ಪ ಬಾಯಲ್ಲಿದ್ದ ಎಲೆ ಅಡಿಕೆ ಕಿಟಕಿಯಾಚೆ ಉಗಿದು ಬಂದು, ನನ್ನ ಎದುರಿಗೇ, ಗಾಜಿನ ಈಚೆ ನಿಂತುಕೊಂಡ. ಎಡಗೈಯನ್ನು ಬೆನ್ನ ಹಿಂದೆ ಇಟ್ಟ. ಬಲಗೈಯಿಂದ ತನ್ನ ಬಾಯಿ ಮುಚ್ಚಿಕೊಳ್ಳುವ ಮೊದಲು ಒಂದು ಮಾತು ಹೇಳಿದ.

"ನನ್ನ ಕಡೆ ನೋಡ್ಕೊಂತ ಹಾಡವ್ವ. ಈ ಕೈ ಏಳಂಗಿಲ್ಲ."

ಸಂಗೀತ ಶುರುವಾಯಿತು. ಹಾಡುತ್ತಾ ಅಪ್ಪನನ್ನೇ ನೋಡಿದೆ. ಇಷ್ಟು ದೊಡ್ಡ ಆಸಾಮಿ, ಊರೂರಿನ ಹೆಸರುಗಳನ್ನೆಲ್ಲ ಹೊಟ್ಟೆಯಲ್ಲಿ ತುಂಬಿಕೊಂಡವನು, ಕನ್ನಡ ಶಾಲೆಯ ಮಕ್ಕಳ ಹಾಗೆ ಬಾಯಿ ಮೇಲೆ ಕೈ ಇಟ್ಟು ನಿಂತಿದ್ದ. ಮೊದಲ ಚರಣ ಮುಗಿಯಿತು. ಅಪ್ಪನ ಗಂಟಲು ತಾನಾಗಿಯೇ ಒಮ್ಮೆ ಮೇಲೆದ್ದು ಇಳಿಯಿತು, ಬೆರಳುಗಳು ಇನ್ನೂ ಬಿಗಿಯಾದವು. ಅವನಿಗೂ ಅಷ್ಟೇ ಕಷ್ಟವಾಗುತ್ತಿದೆ ಅಂತ ತಿಳಿದು ನನಗೆ ಕಿಸಕ್ಕನೆ ನಗು ಬಂತು. ನಗುತ್ತಲೇ ಎರಡನೇ ಚರಣಕ್ಕೆ ಹೋದೆ. ಹೋದೆ ಅನ್ನುವುದು ಹಾಡಿನ ಕೊನೆಗೆ ಬಂದ ಮೇಲೆ ಗೊತ್ತಾಯಿತು. ಆ ನಗು ಕ್ಯಾಸೆಟ್ಟಿನಲ್ಲಿ ಹಾಗೇ ಉಳಿದಿದೆ, ಆಮೇಲೆ ಅದನ್ನೇ ಸ್ಟೈಲು ಅಂತ ಹೊಗಳಿದವರೂ ಇದ್ದಾರೆ.

ಮಷೀನು ನಿಲ್ಲಿಸಿ ರೆಕಾರ್ಡಿಂಗಿನವನು ಆಯಿತು ಅಂದ. ಮಾಸ್ತರರು ಚಪ್ಪಾಳೆ ಹೊಡೆದರು. ಅಪ್ಪ ಮಾತ್ರ ಇನ್ನೂ ಕೈ ತೆಗೆದಿರಲಿಲ್ಲ. ನಾನೇ ಹೋಗಿ ಆ ಕೈ ಬಿಡಿಸಿದೆ. ಅವನು ಏನೋ ಯೋಚಿಸುತ್ತಿದ್ದ.

"ಅಲ್ಲವ್ವಾ, ಕೊನಿಗೆ ಬಸ್ಸು ಬರ್ತತೇನು?" ಅಂದ. "ಬಂದ್ರೂ ಆಕಿ ಹತ್ತಂಗಿಲ್ಲೇನು?"

ವರ್ಷವಿಡೀ ಹಾಡಿದ ಹಾಡು. ಪ್ರತಿ ಸಲವೂ ಅಪ್ಪ ನನ್ನಿಂದ ಒಂದು ಮೊಳ ದೂರದಲ್ಲಿ ನಿಂತಿರುತ್ತಿದ್ದ. ಎರಡನೇ ಚರಣದಲ್ಲಿ ಬಸ್ಸು ಬಂದು ನಿಲ್ಲುತ್ತದೆ, ಹುಡುಗಿ ಅಷ್ಟರಲ್ಲಿ ಊರು ಬಿಡುವ ಮನಸ್ಸು ಬಿಟ್ಟು ಮಿರ್ಚಿಯವನ ಹತ್ತಿರ ಇನ್ನೊಂದು ಪ್ಲೇಟು ಕೇಳುತ್ತಾಳೆ. ಅದು ಅವನಿಗೆ ಗೊತ್ತೇ ಇರಲಿಲ್ಲ. ಹತ್ತಂಗಿಲ್ಲ ಅಪ್ಪ ಅಂದೆ.

ಇನ್ನೊಮ್ಮೆ ಕೇಳಿಸು ಅಂತ ಅಪ್ಪ ರೆಕಾರ್ಡಿಂಗಿನವನಿಗೆ ಹೇಳುವುದರೊಳಗೆ ಕರೆಂಟ್ ಹೋಯಿತು. ಫ್ಯಾನ್ ನಿಂತು, ಗಾದಿಗಳ ನಡುವೆ ಸೆಕೆಯೋ ಸೆಕೆ. ಅಪ್ಪ ಒಂದು ಗಾದಿಯನ್ನು ಕೆಳಗೆ ಬೀಳಿಸಿ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಮೈಕ್ ಸೆಟ್ಟಿನವನ ಮಗಳಾದ ನಾನು ಮೈಕಿಲ್ಲದೆ, ಅವನೊಬ್ಬನಿಗೆ, ಆ ಹಾಡನ್ನು ಪೂರಾ ಹಾಡಿದೆ.