ಕೌದಿಯ ಮೂಲೆಯಲ್ಲಿ ಹೋಳಿಗೆ

ಎಂಬತ್ತರ ದಶಕದ ಆರಂಭದಲ್ಲಿ ನನಗೆ ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ ಕಡೆಯ ಒಂದು ಹಳ್ಳಿಯಲ್ಲಿ ಬಾಲವಾಡಿ ಟೀಚರ್ ಕೆಲಸ ಸಿಕ್ಕಿತು. ಬಾಲವಾಡಿ ಎಂದರೆ ಅದಕ್ಕೆ ಮುಂಚೆ ಗೊಬ್ಬರದ ಚೀಲ ಒಟ್ಟುತ್ತಿದ್ದ ಒಂದು ಕೋಣೆ. ಸುಣ್ಣ ಬಳಿದಿದ್ದರೂ ವಾಸನೆ ಹೋಗಿರಲಿಲ್ಲ. ಹಣ್ಣು, ಪ್ರಾಣಿಗಳ ಚಾರ್ಟುಗಳೇನೋ ಇದ್ದವು. ಆದರೆ ಮಕ್ಕಳು ಹರಿದುಬಿಟ್ಟಾರೆಂದು ಅವನ್ನು ನನ್ನ ತಲೆಗಿಂತ ಎತ್ತರಕ್ಕೆ ಮೊಳೆ ಹೊಡೆದು ಏರಿಸಿದ್ದರು. ಮಕ್ಕಳ ಕಣ್ಣಿಗೆ ಕಾಣುತ್ತಿದ್ದದ್ದು ಬರೀ ಸುಣ್ಣ. ಅಂಥ ಕಡೆ ಕೂತು ನಕ್ಕೋತ ಇರು ಎಂದರೆ ಯಾವ ಮಗು ಇರುತ್ತದೆ? ನನಗೇ ಅಳು ಬರುತ್ತಿತ್ತು.

ಅಳುವವರಲ್ಲಿ ಮೊದಲ ನಂಬರು ಮೂರು ವರ್ಷದ ಒಬ್ಬ ಹುಡುಗಿಯದು. ತಾಯಿ ಕೂಲಿಗೆ ಹೋಗುವಾಗ ಅವಳನ್ನು ನಮ್ಮಲ್ಲಿ ಬಿಟ್ಟು ಹೋಗುತ್ತಿದ್ದಳು. ಬಿಟ್ಟ ಗಳಿಗೆಯಿಂದ ಇವಳು ಹೊಸ್ತಿಲಿಗೆ ಅಂಟಿಕೊಂಡು ಊರಿಗೆಲ್ಲ ಕೇಳುವಂತೆ ಕಿರುಚುತ್ತಿದ್ದಳು. ಪಕ್ಕದ ಶಾಲೆಯಲ್ಲಿ ಮೂರನೇ ಕ್ಲಾಸು ಓದುತ್ತಿದ್ದ ಅವಳ ಅಕ್ಕ ಆ ಕೂಗು ಕೇಳಿ ಪಾಟಿಚೀಲ ಹೊತ್ತು ಓಡಿ ಬರುತ್ತಿದ್ದಳು. ತಂಗಿಯನ್ನು ಎತ್ತಿಕೊಂಡು ಮನೆಗೆ ಹೋದರೆ ಆವತ್ತಿನ ಓದು ಮುಗಿದಂತೆ.

ಒಂದು ದಿನ ತಾಯಿ ನನಗೆ ಹೇಳಿಯೇಬಿಟ್ಟಳು. "ಈ ಅಮಾಸಿ ತನಕ ನೋಡ್ತೀನ್ರಿ ಟೀಚರಮ್ಮ. ಇದು ಇಲ್ಲಿ ಕುಂದ್ರಲಿಲ್ಲಂದ್ರ ದೊಡ್ಡಾಕಿನ್ನ ಸಾಲಿ ಬಿಡಸ್ತೀನಿ. ನಾ ಕೂಲಿ ಬಿಟ್ರ ಮನಿ ಹೆಂಗ ನಡೀಬೇಕ್ರಿ?"

ನನಗೆ ಕೆಟ್ಟ ಸಿಟ್ಟು ಬಂತು. ತಾಯಿಯ ಮೇಲಲ್ಲ, ಆ ಸುಡುಗಾಡು ಕೋಣೆಯ ಮೇಲೆ. ಚಾರ್ಟುಗಳನ್ನು ಕಿತ್ತು ಮಕ್ಕಳ ಮೂಗಿನ ಮಟ್ಟಕ್ಕೆ ಇಳಿಸಿದೆ. ನೆಲಕ್ಕೆ ದೊಡ್ಡದೊಂದು ಕೌದಿ ಹಾಸೋಣ ಎಂದು ಬಾಲವಾಡಿಯ ಆಯಾಳಿಗೆ ಹೇಳಿದೆ. ಆಯಾ ನನಗಿಂತ ಹಿರಿಯಳು, ಬಾಯಿ ನನಗಿಂತ ಜೋರು. ಮನೆಮನೆ ತಿರುಗಿ ಹಳೆಯ ಸೀರೆ ಕೇಳಿ ತಂದಳು. ಸೊಸೆಯಂದಿರು ತಮ್ಮ ಸೀರೆಗಳನ್ನು ಮಡಿಚಿಟ್ಟು ಅತ್ತೆಯಂದಿರ ಸೀರೆಗಳನ್ನು ಧಾರಾಳವಾಗಿ ಕೊಟ್ಟಿದ್ದರು. ಯಾವುದು ಯಾರದೆಂದು ನಾನು ಕೇಳಲು ಹೋಗಲಿಲ್ಲ. ನಾಲ್ಕಾರು ಹೆಂಗಸರು ದಿನಾ ಮಧ್ಯಾಹ್ನ ಸುತ್ತ ಕೂತು ವಾರದೊಳಗೆ ಹೊಲಿದು ಮುಗಿಸಿದರು.

ನಮ್ಮ ಕಡೆ ಕೌದಿಯ ಕೊನೆಯ ಮೂಲೆ ಮುಚ್ಚುವಾಗ ಒಳಗೆ ಹೋಳಿಗೆಯ ಚೂರು ಇಟ್ಟು ಹೊಲಿಯುತ್ತಾರೆ, ಹೊದ್ದವರು ಹಸಿದು ಮಲಗಬಾರದೆಂದು. ಉಗುರಿನಷ್ಟು ಇಟ್ಟರೆ ಸಾಕು. ಇವರು ಅಂಗೈಯಷ್ಟು ತುರುಕಿದರು.

"ಇಷ್ಟು ಯಾಕ್ರಿ?" ಎಂದೆ.

"ಮಕ್ಕಳ ಹೊಟ್ಟಿ ಟೀಚರಮ್ಮ, ಕೈ ಬಿಗಿ ಹಿಡೀಬಾರದು," ಎಂದಳು ಆಯಾ.

ಮಾರನೆಯ ದಿನ ಆ ಹುಡುಗಿಯನ್ನು ಹೊಸ್ತಿಲಿನಿಂದ ಬಿಡಿಸಿ ಕೌದಿಯ ಮೇಲೆ ಕೂರಿಸಿದೆ. ಕಿರುಚುತ್ತಲೇ ಮೂಲೆಯನ್ನು ಬಾಯಿಗೆ ಹಾಕಿಕೊಂಡಳು. ಕಿರುಚಾಟ ಅರ್ಧಕ್ಕೆ ನಿಂತಿತು. ಬೆಲ್ಲದ ಸುಳಿವು ಸಿಕ್ಕಿತ್ತು! ಹೊಲಿಗೆಯ ಸಂದಿಯಲ್ಲಿ ಕಿರುಬೆರಳು ತೂರಿಸಿ ಅಗೆಯುವುದು, ನೆಕ್ಕುವುದು, ಮತ್ತೆ ಅಗೆಯುವುದು. ಅಗೆಯುತ್ತಲೇ ಪಕ್ಕದ ಹುಡುಗನ ಜೊತೆ ಜಗಳ ಶುರು ಮಾಡಿದಳು, ಜಗಳವಾಡುತ್ತಲೇ ಹಾಡು ಕಲಿತಳು. ನಾಲ್ಕೇ ದಿನಕ್ಕೆ ಹೋಳಿಗೆ ಖಾಲಿ. ಆಮೇಲೆ ನಾನೂ ಆಯಾಳೂ ಕಳ್ಳರ ಹಾಗೆ ಬೆಳಿಗ್ಗೆ ಬೇಗ ಬಂದು ಆ ತೂತಿಗೆ ಬೆಲ್ಲದ ಚೂರು ಇಡತೊಡಗಿದೆವು. ಯಾವ ತರಬೇತಿಯಲ್ಲೂ ಇದನ್ನು ಹೇಳಿಕೊಟ್ಟಿರಲಿಲ್ಲ.

ಅಮಾವಾಸ್ಯೆ ಹತ್ತಿರವಿತ್ತು. ಒಂದು ದಿನ ಜೀಪಿನಲ್ಲಿ ಮೇಲ್ವಿಚಾರಕಿ ಬಂದಿಳಿದರು. ಕೋಣೆ ನೋಡಿ ಅವರ ಮುಖ ಅರಳಿತು. "ಎಷ್ಟು ಚೆನ್ನಾಗಿದೆ, ಮನೆ ಇದ್ದ ಹಾಗಿದೆ!" ಎಂದು ಕುರ್ಚಿ ಬಿಟ್ಟು ಮಕ್ಕಳ ನಡುವೆ, ಸರಿಯಾಗಿ ಆ ಮೂಲೆಯ ಮೇಲೇ ಕೂತರು. ನಾನು ಆಯಾಳ ಮುಖ ನೋಡಿದೆ. ಆಯಾ ಸೂರು ನೋಡಿದಳು. ಇರುವೆಗಳಿಗೆ ಅಧಿಕಾರಿಗಳೆಂಬ ಮುಲಾಜಿಲ್ಲ. ಎರಡು ಮಾತು ಆಡುವಷ್ಟರಲ್ಲಿ ಮೇಡಂ ಚಂಗನೆ ಎದ್ದು ಸೀರೆ ಕೊಡವುತ್ತ ಕುಣಿದರು. ಹೊಸ ಆಟವೆಂದು ಮಕ್ಕಳೂ ಎದ್ದು ಕುಣಿದವು. ನಾನು ನಗು ತಡೆಯಲಾರದೆ ಕೆಮ್ಮಿದೆ. ಆಯಾ ಅಷ್ಟು ಮರ್ಯಾದೆಯನ್ನೂ ತೋರಿಸಲಿಲ್ಲ, ಬಾಯಿ ತುಂಬ ನಕ್ಕಳು.

"ಈ ಕೌದಿ ಈಗಲೇ ಇಲ್ಲಿಂದ ಹೋಗಬೇಕು," ಎಂದರು ಮೇಡಂ. ಹೋಯಿತು.

ಜೀಪು ಮರೆಯಾಗಿ ನಗು ಇಳಿದ ಮೇಲೆ ನನಗೆ ಹೆದರಿಕೆ ಶುರುವಾಯಿತು. ಆ ಹುಡುಗಿ ನಾಳೆ ಕೂರುತ್ತಾಳೋ ಇಲ್ಲವೋ?

ಬೆಳಿಗ್ಗೆ ತಾಯಿ ಬಿಟ್ಟು ಹೋದಳು. ಹುಡುಗಿ ಕೌದಿ ಇದ್ದ ಜಾಗದಲ್ಲಿ ನಿಂತು ಬರೀ ನೆಲ ನೋಡಿದಳು. ತುಟಿ ನಡುಗಿತು. ಇರುವೆಯ ಸುದ್ದಿ, ಕೌದಿ ಹೋದ ಸುದ್ದಿ ಊರೆಲ್ಲ ಹಬ್ಬಿತ್ತಲ್ಲ, ಅಕ್ಕ ಈ ಸಲ ಕೂಗು ಕೇಳುವ ತನಕ ಕಾಯದೆ ಚೀಲ ಹೊತ್ತು ಬಾಗಿಲಿಗೇ ಬಂದುಬಿಟ್ಟಿದ್ದಳು.

"ಬಾ, ಮನಿಗಿ ಹೋಗಾಣ," ಎಂದು ಕೈ ಚಾಚಿದಳು.

ಚಿಕ್ಕವಳು ಅಕ್ಕನನ್ನು ನೋಡಿದಳು. ಆಮೇಲೆ ಹಿಂತಿರುಗಿ ತನ್ನ ಜಗಳದ ಗೆಳೆಯನನ್ನು ನೋಡಿದಳು. ಅವನು ಗೋಡೆಯ ಚಾರ್ಟಿನಲ್ಲಿದ್ದ ಆನೆಗೆ ಎರಡೂ ಕೈ ಅಡ್ಡ ಇಟ್ಟು ನಿಂತಿದ್ದ.

"ನಾ ಒಲ್ಲೆ. ಅಂವ ನನ್ನ ಆನಿ ಹಿಡ್ಕಂಡಾನ. ನೀ ಸಾಲಿಗಿ ಹೋಗು," ಎಂದು ಅತ್ತ ನುಗ್ಗಿದಳು.

ಅಕ್ಕನ ಕೈ ಚಾಚಿದಂತೆಯೇ ಇತ್ತು. ತನ್ನನ್ನೇ ಬೇಡವೆಂದಳಲ್ಲ ಎಂದು ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತು ಒಳಗಿನ ಜಗಳ ನೋಡಿದಳು. ನಂತರ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು.

"ಹೋಗ್ಲೇನ್ರಿ ಟೀಚರಮ್ಮ? ಖರೇನ ಹೋಗ್ಲೇನ್ರಿ?"

"ಓಡು," ಎಂದೆ.

ಶಾಲೆಯ ಗಂಟೆ ಹೊಡೆಯಲು ಇನ್ನೂ ಹೊತ್ತಿತ್ತು. ಆದರೂ ಅವಳು ತಡವಾದವಳಂತೆ ಓಡಿದಳು.